ಮೊದಲು ಮನೆ, ಆಮೇಲೆ ಪ್ರಶ್ನೆ

ಅಮೆರಿಕದ ನ್ಯೂಜೆರ್ಸಿ ರಾಜ್ಯದ ಎಡಿಸನ್‌ನಲ್ಲಿ ಬಾಡಿಗೆ ಮನೆಗೆ ಹಾಕುವ ಅರ್ಜಿಯನ್ನು ಪೂರ್ತಿ ಓದಿದ ಹಾಸನದವರಿಗೆ ಒಂದು ವಿಷಯ ಕಣ್ಣಿಗೆ ಬಿದ್ದೇ ಬೀಳುತ್ತದೆ. ಸಂಬಳ ಎಷ್ಟು, ಹಿಂದೆ ಯಾರ ಮನೆಯಲ್ಲಿದ್ದಿರಿ, ಸಾಲ ಸರಿಯಾಗಿ ಕಟ್ಟಿದ್ದೀರಾ ಎಂದೆಲ್ಲ ಕೇಳಿರುತ್ತಾರೆ. ಜೈಲಿಗೆ ಹೋಗಿದ್ದಿರಾ ಎಂದು ಮಾತ್ರ ಕೇಳಿರುವುದಿಲ್ಲ. ಕೇಳುವ ಹಾಗೇ ಇಲ್ಲ. 2021ರ ಜೂನ್‌ನಲ್ಲಿ ಗವರ್ನರ್ ಫಿಲ್ ಮರ್ಫಿ ಸಹಿ ಹಾಕಿದ, 2022ರ ಜನವರಿ 1ರಿಂದ ಜಾರಿಗೆ ಬಂದ ಫೇರ್ ಚಾನ್ಸ್ ಇನ್ ಹೌಸಿಂಗ್ ಆಕ್ಟ್ ಆ ಪ್ರಶ್ನೆಗೆ ತಡೆ ಹಾಕಿದೆ.

ಈ ಕಾನೂನಿನ ಜೀವ ಇರುವುದು ಯಾವುದು ಮೊದಲು, ಯಾವುದು ಆಮೇಲೆ ಎನ್ನುವುದರಲ್ಲಿ. ಮಾಲೀಕರು ಮೊದಲು ಆದಾಯ, ಸಾಲದ ಚರಿತ್ರೆ ನೋಡಬೇಕು. ಒಪ್ಪಿಗೆಯಾದರೆ ಷರತ್ತಿನ ಮೇಲೆ ಮನೆ ಕೊಡುತ್ತೇವೆ ಎಂದು ಹೇಳಬೇಕು. ಹಳೆಯ ಅಪರಾಧದ ದಾಖಲೆ ತೆಗೆಸುವುದು ಅದಾದ ಮೇಲೆ. ಆಗಲೂ ಸಿಕ್ಕಿದ್ದನ್ನೆಲ್ಲ ಹಿಡಿದುಕೊಂಡು ಕೂರುವಂತಿಲ್ಲ. ಬಂಧನವಾಗಿ ಶಿಕ್ಷೆಯಾಗದ ಕೇಸು ಲೆಕ್ಕಕ್ಕಿಲ್ಲ. ಅತಿ ಗಂಭೀರವಾದ ಮೊದಲ ದರ್ಜೆಯ ಅಪರಾಧವಾದರೆ 6 ವರ್ಷ, ಎರಡನೇ ಮತ್ತು ಮೂರನೇ ದರ್ಜೆಗೆ 4 ವರ್ಷ, ನಾಲ್ಕನೇ ದರ್ಜೆಗೆ 1 ವರ್ಷ. ಶಿಕ್ಷೆ ಮುಗಿದು ಅಷ್ಟು ಕಾಲ ಕಳೆದಿದ್ದರೆ ಅದನ್ನು ಎತ್ತುವಂತಿಲ್ಲ. ಕೊಲೆ, ಅಪಹರಣದಂಥ ಕೆಲವಕ್ಕೆ ಮಾತ್ರ ಈ ಗಡುವು ಅನ್ವಯಿಸುವುದಿಲ್ಲ. ಕೊನೆಗೂ ಮನೆ ಕೊಡುವುದಿಲ್ಲ ಎಂದಾದರೆ ಕಾರಣವನ್ನು ಬರವಣಿಗೆಯಲ್ಲಿ ಕೊಡಬೇಕು. ಆ ಕಾಗದ ಹಿಡಿದು ರಾಜ್ಯದ ನಾಗರಿಕ ಹಕ್ಕುಗಳ ವಿಭಾಗಕ್ಕೆ ದೂರು ಕೊಡಬಹುದು.

ಹಾಸನದ ವಿದ್ಯಾನಗರದಲ್ಲೋ ಸಾಲಗಾಮೆ ರಸ್ತೆಯ ಆಚೀಚೆಯೋ ಜೈಲಿನಿಂದ ಬಂದು, ಬಾಡಿಗೆ ಬೋರ್ಡು ನೋಡಿ ಗೇಟು ತಟ್ಟುವವನ ಪಾಡು ಬೇರೆ.

‘ಯಾವೂರಾಯ್ತಪ್ಪ?’

‘ಆಲೂರು ಕಡೆ ಅಣ್ಣ.’

‘ಆಲೂರಲ್ಲಿ ಯಾರ ಪೈಕಿ?’

ಅಪ್ಪನ ಹೆಸರು ಬಾಯಿಗೆ ಬಂದಲ್ಲಿಗೆ ಮುಗಿಯಿತು. ‘ನಮ್ಮ ಷಡ್ಕ ಅಲ್ಲೇ ಇರೋದು, ಒಂದು ಮಾತು ಕೇಳ್ತೀನಿ, ಸಂಜೆ ಬಾ.’ ಸಂಜೆ ಹೋದರೆ ಮನೆ ಬೇರೆಯವರಿಗೆ ಹೋಗಿರುತ್ತದೆ, ಬೋರ್ಡು ಮಾತ್ರ ಅಲ್ಲೇ ಇರುತ್ತದೆ. ಬೇಲಿ ಜಗಳದ ಕೇಸಿನಲ್ಲಿ ಒಳಗಿದ್ದು ಖುಲಾಸೆಯಾದವನಿಗೂ ಇದೇ ಉತ್ತರ, ಶಿಕ್ಷೆ ಮುಗಿಸಿದವನಿಗೂ ಇದೇ ಉತ್ತರ. ತೀರ್ಪಿನ ನಕಲು ಜೇಬಿನಲ್ಲಿದ್ದರೂ ಅದನ್ನು ತೋರಿಸುವ ಗಳಿಗೆಯೇ ಬರುವುದಿಲ್ಲ, ಯಾಕೆಂದರೆ ಯಾರೂ ಅವನನ್ನು ನೇರವಾಗಿ ಏನೂ ಕೇಳಿರುವುದಿಲ್ಲ. ನನಗೆ ಸಂಕಟವಾಗುವುದು ಇಲ್ಲೇ. 2022ರ ಲೆಕ್ಕದಂತೆ ದೇಶದ ಜೈಲುಗಳಲ್ಲಿದ್ದ ನೂರರಲ್ಲಿ 75ಕ್ಕೂ ಹೆಚ್ಚು ಮಂದಿ ವಿಚಾರಣಾಧೀನ ಕೈದಿಗಳು. ಅಪರಾಧ ಸಾಬೀತೇ ಆಗದವರನ್ನು ನಮ್ಮ ಊರು ಷಡ್ಕನ ಒಂದು ಫೋನಿನಲ್ಲಿ ವಿಚಾರಣೆ ಮಾಡಿ ಮುಗಿಸುತ್ತದೆ. ಇದನ್ನು ತಡೆಯುವ ಕಾನೂನು ನಮ್ಮಲ್ಲಿಲ್ಲ.

ಕಾಗದಪತ್ರದ್ದು ಇನ್ನೊಂದು ಗೋಳು. ಜೈಲಿನಲ್ಲಿದ್ದಾಗ ಮೂರು ತಿಂಗಳು ಬಳಸದ ಸಿಮ್ ಬಂದ್ ಆಗಿ ಆ ನಂಬರು ಬೇರೆಯವರಿಗೆ ಹೋಗುತ್ತದೆ. ಆಧಾರ್‌ಗೆ ಅದೇ ನಂಬರು ಜೋಡಣೆಯಾಗಿದ್ದರೆ ಒಟಿಪಿ ಯಾರದೋ ಫೋನಿಗೆ ಬರುತ್ತದೆ. ಎರಡು ವರ್ಷ ವಹಿವಾಟಿಲ್ಲದ ಬ್ಯಾಂಕ್ ಖಾತೆ ನಿಷ್ಕ್ರಿಯವಾಗಿರುತ್ತದೆ. ಚಾಲೂ ಮಾಡಿಸಲು ಕೆವೈಸಿ ಬೇಕು, ಕೆವೈಸಿಗೆ ಆಧಾರ್ ಬೇಕು, ಆಧಾರಿನಲ್ಲಿರುವುದು ಹಳೆಯ ವಿಳಾಸ. ಹೊಸ ವಿಳಾಸ ಬೇಕೆಂದರೆ ಮನೆ ಬೇಕು. ಇಷ್ಟನ್ನೂ ಬಿಡುಗಡೆಗೆ ಮುಂಚೆಯೇ ಸರಿಪಡಿಸಬಹುದು. ಕೈದಿಗಳ ಆಧಾರ್ ಕೆಲಸಕ್ಕೆ ಜೈಲು ಅಧಿಕಾರಿಯ ಸಹಿ, ಮೊಹರು ಇರುವ ಪ್ರವೇಶ ದಾಖಲೆಯನ್ನು ಒಪ್ಪುವ ಅವಕಾಶ 2023ರಿಂದ ಇದೆ. ಮೊಬೈಲ್ ನಂಬರು ಬದಲಿಸಲು ಬೆರಳಚ್ಚು ಸಾಕು, ಬೇರೆ ದಾಖಲೆ ಬೇಡ. ತಾಯಿಯದೋ ಹೆಂಡತಿಯದೋ ನಂಬರನ್ನೇ ಜೋಡಿಸಬಹುದು, ಏಕೆಂದರೆ ಒಂದೇ ನಂಬರನ್ನು ಹಲವು ಆಧಾರಿಗೆ ಕೊಡಲು ಅಡ್ಡಿಯಿಲ್ಲ. ಬಿಡುಗಡೆಗೆ ಎರಡು ತಿಂಗಳಿರುವಾಗ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಸ್ವಯಂಸೇವಕರೊಬ್ಬರು ಜೈಲಿಗೆ ಹೋಗಿ ಈ ಪಟ್ಟಿ ಹಿಡಿದು ಕೂತರೆ ಮುಗಿಯುವ ಕೆಲಸ ಇದು. ಬಂಧನದಲ್ಲಿರುವವರಿಗೆ ಉಚಿತ ಕಾನೂನು ನೆರವು 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಲ್ಲೇ ಇರುವ ಹಕ್ಕು, ಯಾರೂ ಮಾಡುವ ಉಪಕಾರವಲ್ಲ. ಬಿಡುಗಡೆಯಾದವರ ಕೈಯಲ್ಲಿ ಗುರುತಿನ ಪತ್ರ, ಹೋಗಲು ಮನೆ, ಊರು ಸೇರುವಷ್ಟು ದುಡ್ಡು ಇರಬೇಕೆಂದು ವಿಶ್ವಸಂಸ್ಥೆಯ ಮಂಡೇಲಾ ನಿಯಮಗಳು 2015ರಲ್ಲೇ ಹೇಳಿವೆ. ನ್ಯೂಜೆರ್ಸಿಯಲ್ಲಿ ಜನನ ಪತ್ರ, ಗುರುತಿನ ಕಾರ್ಡು, ಎರಡು ವಾರದ ಔಷಧಿ, ಒಂದು ದಿನದ ಬಸ್ ಅಥವಾ ರೈಲು ಪಾಸು ಕೊಟ್ಟು ಕಳಿಸಬೇಕೆಂದು ಕಾನೂನಿನಲ್ಲೇ ಬರೆದಿದ್ದಾರೆ.

ಹಾಗಂತ ಅಲ್ಲಿ ಎಲ್ಲ ಸುಸೂತ್ರ ಎಂದರೆ ಸುಳ್ಳಾಗುತ್ತದೆ. ಮಾಲೀಕರೂ ವಾಸವಿರುವ, ನಾಲ್ಕು ಮನೆಗಿಂತ ಹೆಚ್ಚಿಲ್ಲದ ಕಟ್ಟಡ ಈ ಕಾನೂನಿನ ಹೊರಗಿದೆ. ತಾವಿರುವ ಮನೆಯ ಒಂದು ಭಾಗವನ್ನು ಬಾಡಿಗೆಗೆ ಕೊಡುವ ನಮ್ಮ ಕನ್ನಡಿಗರೇ ‘ಊರಲ್ಲಿ ಯಾರ ಪೈಕಿ’ ಎಂದು ಶುರು ಮಾಡಿದರೆ ತಡೆಯುವವರಿಲ್ಲ. ಮುಂಗಡ ಒಂದೂವರೆ ತಿಂಗಳ ಬಾಡಿಗೆ ಮೀರಬಾರದು, ಸರಿ. ಆದರೆ ಬಾಡಿಗೆಯ ಮೂರು ಪಟ್ಟು ಆದಾಯ ತೋರಿಸಿ ಎನ್ನುವ ಮಾಲೀಕರ ಮುಂದೆ ಮೊನ್ನೆ ಹೊರಬಂದವರು ಏನು ತೋರಿಸಬೇಕು? ಕಾನೂನು ಬಾಗಿಲವರೆಗೆ ಕರೆದೊಯ್ಯುತ್ತದೆ, ಬಾಡಿಗೆ ಕಟ್ಟುವುದಿಲ್ಲ.

ಇನ್ನೊಂದನ್ನೂ ಒಪ್ಪಬೇಕು. ಮೂಡಿಗೆರೆ, ಸಕಲೇಶಪುರದ ಕಾಫಿ ತೋಟಗಳಲ್ಲಿರುವ ವ್ಯವಸ್ಥೆ ಎಡಿಸನ್‌ನಲ್ಲಿ ಇಲ್ಲ. ನವೆಂಬರಿನಲ್ಲಿ ಅರೇಬಿಕಾ ಹಣ್ಣಾದಾಗ ಆಳು ಸಿಗದೆ ಅಸ್ಸಾಮಿನಿಂದ ಕರೆಸಿಕೊಳ್ಳುವ ತೋಟದಲ್ಲಿ, ಕೊಯ್ಲು ಗೊತ್ತಿರುವ, ಕಪಾತು ಮಾಡಬಲ್ಲ (ಗಿಡದ ರೆಂಬೆ ಸವರಬಲ್ಲ), ಮರಗಸಿಗೆ ಅಂದರೆ ನೆರಳು ಮರದ ಕೊಂಬೆ ಕಡಿಯಲು ಹತ್ತಬಲ್ಲ ಊರಿನವನು ಸಿಕ್ಕರೆ ಮೇಸ್ತ್ರಿ ಹಳೆಯದನ್ನು ಹೆಚ್ಚು ಕೆದಕುವುದಿಲ್ಲ. ಸಾಹುಕಾರರು ಹೂಂ ಅಂದರೆ ಅವತ್ತೇ ಲೈನ್ ಮನೆ (ತೋಟದ ಆಳುಗಳ ಸಾಲುಮನೆ), ಸೌದೆ, ವಾರದ ಬಟವಾಡೆ. ಮುಂಗಡ ಇಲ್ಲ, ಅರ್ಜಿಯೂ ಇಲ್ಲ. ಪಕ್ಕದ ಲೈನಿನ ಹೆಂಗಸರು ಎರಡು ದಿನ ಸಾರು ಕೊಟ್ಟರೆ ಮೂರನೇ ದಿನ ಅವನ ಮಕ್ಕಳ ವಿಚಾರ ಕೇಳುತ್ತಾರೆ. ಊರಿನೊಳಕ್ಕೆ ಮರಳಿ ಸೇರುವುದು ಎಂದರೆ ಇಷ್ಟೇ ಬೇಕಾದದ್ದು, ಇದನ್ನು ಯಾವ ಇಲಾಖೆಯೂ ಕೊಡಲಾರದು.

ತೊಂದರೆಯಿರುವುದು ಕೆಲಸ ಹೋದ ದಿನವೇ ಮನೆಯೂ ಹೋಗುವುದರಲ್ಲಿ. ರೋಬಸ್ಟಾ ಕೊಯ್ಲು ಮುಗಿದು ಆಳು ಕಡಿಮೆ ಮಾಡುವಾಗ ಮೊದಲು ಹೊರಬೀಳುವವನು ಅವನೇ. ತೋಟದ ಲೆಕ್ಕ ಬರೆಯುವ ರೈಟರ ಜೊತೆ ಒಂದು ಮಾತು ಹೆಚ್ಚುಕಮ್ಮಿಯಾದರೂ ಅಷ್ಟೇ. ಅದಕ್ಕೇ ಬೆಳೆಗಾರರನ್ನು ಕೇಳುವುದು ಒಂದೇ: ಲೈನ್ ಮನೆಯನ್ನು ಕೂಲಿಯಿಂದ ಬೇರೆ ಮಾಡಿ ಹನ್ನೊಂದು ತಿಂಗಳ ಕರಾರು ಬರೆದುಕೊಡಿ. ಕೆಲಸ ನಿಂತರೂ ಮನೆ ಬಿಡಲು ಮೂರು ತಿಂಗಳ ಕಾಲಾವಕಾಶ ಅದರಲ್ಲಿರಲಿ. ಆ ಕರಾರನ್ನು ನೋಡಿ ಪಂಚಾಯಿತಿ ವಾಸದ ಪ್ರಮಾಣಪತ್ರಕ್ಕೆ ಸಹಿ ಹಾಕಲಿ. ಮುಂದಿನ ಸಲ ಹಾಸನದಲ್ಲಿ ಗೇಟು ತಟ್ಟುವಾಗ ಹಿಂದಿನ ಮಾಲೀಕರು ಯಾರು ಎಂದರೆ ಹೇಳಲು ಅವನಿಗೊಂದು ಹೆಸರಿರುತ್ತದೆ.