ಮಣ್ಣಿಗೆ ಬಿದ್ದ ಡಿಡಿಟಿ ಅಲ್ಲೇ ಇರುತ್ತಾ?

‘ಹೊಲಕ್ಕೆ ಹೊಡೆದ ಡಿಡಿಟಿ ಕೀಟನಾಶಕ ಮಣ್ಣಲ್ಲೇ ಉಳಿಯುತ್ತದೆ, ಗಾಳಿಗೆ ಬರುವುದಿಲ್ಲ’ ಎನ್ನುವ ಫಾರ್ವರ್ಡ್ ಆಗಾಗ ಬರುತ್ತಿರುತ್ತದೆ. ಅರ್ಧ ಸರಿ. ಅದು ಮಣ್ಣಿಗೆ ಗಟ್ಟಿಯಾಗಿ ಅಂಟುತ್ತದೆ, ವರ್ಷಗಟ್ಟಲೆ ಉಳಿಯುತ್ತದೆ. ಅಂಟಿದ್ದು ಹಾರೀತು ಎಂದು ಯಾರಿಗೆ ತಾನೇ ಹೊಳೆಯುತ್ತದೆ, ಅಲ್ವಾ?

ಆದರೆ ಬಿಸಿಲೇರಿದಾಗ ಅದು ಸ್ವಲ್ಪಸ್ವಲ್ಪವೇ ಆವಿಯಾಗಿ ಗಾಳಿ ಸೇರುತ್ತದೆ. ತಂಪಾದ ಕಡೆ ಮತ್ತೆ ನೆಲಕ್ಕಿಳಿಯುತ್ತದೆ. ಹೀಗೆ ಕುಪ್ಪಳಿಸುತ್ತಾ ಸಾಗಿ ಆರ್ಕ್ಟಿಕ್‌ನ ಹಿಮಕರಡಿಗಳ ಕೊಬ್ಬಿನಲ್ಲೂ ಸಿಕ್ಕಿದೆ! ಭಾರತದಲ್ಲಿ ಬೇಸಾಯಕ್ಕೆ ಇದರ ಬಳಕೆ 1989ರಲ್ಲೇ ನಿಷೇಧವಾಯಿತು. ಆದರೂ ಗಾಳಿಯಲ್ಲಿ ಡಿಡಿಟಿ ಕಡಿಮೆಯಾದಾಗ, ಹಿಂದೆ ಅಂಟಿಕೊಂಡಿದ್ದನ್ನು ಹಳೆಯ ಮಣ್ಣೇ ಬಿಟ್ಟುಕೊಡುತ್ತದೆ.

ಇಂಥ ಮೆಸೇಜ್ ಬಂದರೆ ರಾಸಾಯನಿಕದ ಹೆಸರಿದೆಯೇ ನೋಡಿ. ಇದ್ದರೆ, ಬೇಗ ನಾಶವಾಗದೆ ಉಳಿಯುವ ವಿಷಕಾರಿ ರಾಸಾಯನಿಕಗಳ ಕುರಿತ ಅಂತರರಾಷ್ಟ್ರೀಯ ಒಪ್ಪಂದವಾದ 2001ರ ಸ್ಟಾಕ್‌ಹೋಮ್ ಒಪ್ಪಂದದ ಪಟ್ಟಿಯಲ್ಲಿ ಹುಡುಕಿ. ಅದು ಅಂತರ್ಜಾಲದಲ್ಲೇ ಸಿಗುತ್ತದೆ. ಸುಮ್ನೆ ಯಾವುದನ್ನೂ ಅಲ್ಲಿ ಸೇರಿಸುವುದಿಲ್ಲ. ದೂರ ಸಾಗುವ ಗುಣವನ್ನೂ ಪರಿಶೀಲಿಸಿಯೇ ಸೇರಿಸುತ್ತಾರೆ.