ಕಾರು ಕೆಳಗೆ, ಬುತ್ತಿ ಕಾರಲ್ಲಿ

ಮಳೆ ಬಂದ ದಿನ ಕಾರನ್ನು ನೀರಿಗೆ ಇಳಿಸುವುದು ಬೆಂಗಳೂರಿನವರಿಗೆ ದೊಡ್ಡ ಸುದ್ದಿಯಲ್ಲ. ಆದರೆ ಟಿಕೆಟ್ ಕೊಂಡು, ಕ್ಯೂ ನಿಂತು ಕಾರನ್ನು ಸಮುದ್ರಕ್ಕೆ ಇಳಿಸಿ ಬಂದವನು ನಮ್ಮ ಬಸವನಗುಡಿಯ ವಾಕಿಂಗ್ ಗುಂಪಿನಲ್ಲಿ ನಾನೊಬ್ಬನೇ. ಕೃಷ್ಣರಾವ್ ಪಾರ್ಕಿನ ಸುತ್ತು ಮುಗಿದು ಕಾಫಿ ಕೈಗೆ ಬಂದ ಕೂಡಲೇ ಯಾರಾದರೂ "ಸಾರ್, ಆ ಹಡಗಿನ ಕತೆ" ಅನ್ನುತ್ತಾರೆ. ಯಾರೂ ಅನ್ನದಿದ್ದರೆ ನಾನೇ ಶುರು ಮಾಡುತ್ತೇನೆ.

ಮಗ ಇರುವುದು ಸಿಯಾಟಲ್‌ನಲ್ಲಿ. ಸೊಸೆಯ ಅಣ್ಣನಿಗೆ ಅಲಾಸ್ಕಾದ ಕೆಚಿಕನ್‌ನಲ್ಲಿ ಕೆಲಸ ಸಿಕ್ಕಿತ್ತು. ಅದು ದ್ವೀಪದ ಮೇಲಿನ ಊರು, ಹೊರಗಿನಿಂದ ರಸ್ತೆಯೇ ಇಲ್ಲ. ಅವನಿಗೆ ಗ್ರೈಂಡರು, ಕುಕ್ಕರು, ಅಕ್ಕಿಮೂಟೆ ತಲುಪಿಸಬೇಕು. 1963ರಿಂದ ಅಲ್ಲಿ ಸರ್ಕಾರವೇ ಕಾರು ಸಮೇತ ಜನರನ್ನು ಒಯ್ಯುವ ಹಡಗು ಓಡಿಸುತ್ತದೆ, ಅದಕ್ಕೆ ಹೆಸರೇ ಅಲಾಸ್ಕಾ ಮರೀನ್ ಹೈವೇ. ನಮ್ಮ ಕೆಂಪು ಬಸ್ಸು ನೀರಿನ ಮೇಲೆ ಹೋಗುತ್ತದೆ ಅಂದುಕೊಳ್ಳಿ. ಸಿಯಾಟಲ್‌ನ ಉತ್ತರಕ್ಕಿರುವ ಬೆಲ್ಲಿಂಗ್‌ಹ್ಯಾಮ್ ಬಂದರಿನಲ್ಲಿ ಸಂಜೆ ಹತ್ತಿದರೆ ಎರಡು ರಾತ್ರಿ ಕಳೆದು ಕೆಚಿಕನ್.

ಕಾರಿನ ಟಿಕೆಟ್ಟು ಅದರ ಉದ್ದದ ಮೇಲೆ. ಹಿಂದೆ ಸೈಕಲ್ ಸ್ಟ್ಯಾಂಡ್ ಸಿಕ್ಕಿಸಿದ್ದರೆ ಅದೂ ಲೆಕ್ಕಕ್ಕೆ. ಅಳೆಯಲು ಮನೆಯಲ್ಲಿದ್ದದ್ದು ನನ್ನಾಕೆ ರವಿಕೆ ಅಳತೆಗೆಂದು ಗಾಂಧಿಬಜಾರಿನಿಂದ ಒಯ್ದಿದ್ದ ಐದಡಿ ಟೇಪು. ಮೂರು ಸಲ ಮಡಿಸಿ ಅಳೆದೆ, ಮೂರು ಸಲವೂ ಬೇರೆ ಬೇರೆ ಕಾರು. "ಬಗ್ಗೋಕೆ ಆಗದೋರು ಯಾಕ್ರೀ ಬಗ್ತೀರ" ಎಂದು ಅವಳೇ ಅಳೆದಳು.

ಹಡಗಿನೊಳಗೆ ಕಾರು ನಿಲ್ಲಿಸಿದವನು ಮಾತ್ರ ನಮ್ಮ ಕಂಡಕ್ಟರುಗಳಿಗೆ ಗುರು. ಕೈಸನ್ನೆಯಲ್ಲೇ ಬಾ, ಬಾ ಎಂದು ಮುಂದಿನ ಟ್ರಕ್ಕಿಗೆ ಗೇಣು ಉಳಿದಾಗ ಹಸ್ತ ಎತ್ತಿದ. ನಾವು ಮೇಲೆ ಹೋದೆವು. ಹಡಗು ಹೊರಟಿತು. ಆಮೇಲೆ ಗೊತ್ತಾಯಿತು, ಬುತ್ತಿ ಕಾರಿನಲ್ಲೇ ಉಳಿದಿದೆ. ಪುಳಿಯೋಗರೆ, ಚಪಾತಿ, ಚಟ್ನಿಪುಡಿ, ಕೋಡುಬಳೆ. ಹಡಗು ಸಾಗುವಾಗ ಕಾರಿನ ಮಹಡಿಗೆ ಯಾರನ್ನೂ ಬಿಡುವುದಿಲ್ಲ. ಆಗೊಮ್ಮೆ ಈಗೊಮ್ಮೆ ಮೈಕಿನಲ್ಲಿ ಕೂಗಿ ಸ್ವಲ್ಪ ಹೊತ್ತು ತೆರೆಯುತ್ತಾರೆ, ಅದೂ ಮುಖ್ಯವಾಗಿ ಕಾರಿನಲ್ಲಿರುವ ನಾಯಿಗಳ ಅನುಕೂಲಕ್ಕೆ.

ಕ್ಯಾಬಿನ್ ಸಿಕ್ಕಿರಲಿಲ್ಲ. ಮೇಲಿನ ಡೆಕ್ಕಿನಲ್ಲಿ ಗಾಜಿನ ಮಾಡಿನ ಸೋಲೇರಿಯಂ ಇದೆ, ಹಿಂಬದಿ ಬಯಲು, ತಲೆಯ ಮೇಲೆ ಕೆಂಪಗೆ ಕಾಯುವ ಹೀಟರುಗಳು. ಅದರ ಕೆಳಗೆ ಪ್ಲಾಸ್ಟಿಕ್ ಆರಾಮಕುರ್ಚಿಗಳಲ್ಲಿ ನಮ್ಮನ್ನು ಸಾಲಾಗಿ ಮಲಗಿಸಿದ್ದು ನೋಡಿದರೆ ಅಯ್ಯಂಗಾರ್ ಬೇಕರಿಯ ಗಾಜಿನ ಪೆಟ್ಟಿಗೆಯ ಪಫ್‌ಗಳ ಜ್ಞಾಪಕ. ಮೇಲೆ ಬಿಸಿ, ಕೆಳಗೆ ತಣ್ಣಗೆ. ಹೊರಗೆ ಹುಡುಗರು ಡೇರೆ ಹಾಕಿ, ಗಾಳಿಗೆ ಹಾರದ ಹಾಗೆ ಅಗಲದ ಅಂಟುಪಟ್ಟಿಯಲ್ಲಿ ಡೆಕ್ಕಿಗೇ ಅಂಟಿಸಿದ್ದರು. ಮಳೆ ರಾತ್ರಿಯಿಡೀ. ಕೆಚಿಕನ್‌ನಲ್ಲಿ ವರ್ಷಕ್ಕೆ ಸುಮಾರು 150 ಇಂಚು ಬೀಳುತ್ತದೆಂದು ಪಕ್ಕದವರು ಹೆಮ್ಮೆಯಿಂದ ಹೇಳಿದರು. ಬೆಂಗಳೂರಿನ ನಾಲ್ಕು ಪಟ್ಟು ಎಂದು ನಾನು ಬಾಯಿ ಬಿಟ್ಟೆ. ನನ್ನಾಕೆಯ ತವರು ಆಗುಂಬೆ ಕಡೆ. "ನಮ್ಮಲ್ಲಿ ಇದರ ಎರಡರಷ್ಟು" ಎಂದು ಮುಸುಕು ಎಳೆದುಕೊಂಡಳು.

ಬೆಳಿಗ್ಗೆ ಕೂಗಿದರು. "ಅಪ್ಪಾ, ಅಲಾರ್ಮ್ ಮಾತ್ರ ಹಾಕ್ಬೇಡ" ಎಂದು ಮಗ ಕೀ ಕೊಟ್ಟ. ಏಳೆಂಟು ನಾಯಿಗಳ ಮೆರವಣಿಗೆಯಲ್ಲಿ ನಾಯಿಯಿಲ್ಲದವನು ನಾನೊಬ್ಬ. ಕಾರು ತೆಗೆದು, ಕೆಂಪು ಚೀಲ ಎತ್ತಿಕೊಂಡು, ಎರಡು ಸಲ ಲಾಕ್ ಒತ್ತಿ, ಹ್ಯಾಂಡಲ್ ಎಳೆದು ನೋಡಿ ಬಂದೆ. ಬೆಂಗಳೂರಿನ ಕೈ, ಸುಮ್ಮನೆ ಬರುತ್ತದೆಯೇ?

ಚೀಲದಲ್ಲಿ ಅರಿಶಿನ, ಕುಂಕುಮ, ಹನ್ನೆರಡು ರವಿಕೆ ಖಣ.

ಸೀರೆ ಅಂಗಡಿಯವರು ಒಂದೇ ತರದ ಎರಡು ಚೀಲ ಕೊಟ್ಟಿದ್ದರು. ಬುತ್ತಿಯದಕ್ಕೆ ಹಿಡಿ ಕಿತ್ತು ಗಂಟು ಹಾಕಿತ್ತಂತೆ. "ಅಂತೆ" ಯಾಕೆಂದರೆ ನನಗೆ ಹೇಳಿದ್ದೇನೂ ಜ್ಞಾಪಕವಿಲ್ಲ, ಹೇಳಿದ್ದಾಳೆಂದು ಅವಳು ಈಗಲೂ ಸಾಧಿಸುತ್ತಾಳೆ. ಮಧ್ಯಾಹ್ನಕ್ಕೂ ಆಲೂಗಡ್ಡೆ ಫ್ರೈಸೇ ಗತಿ.

ಆ ದಾರಿ ಬಹುಪಾಲು ದ್ವೀಪಗಳ ಮರೆಯಲ್ಲಿ ಹೋಗುತ್ತದೆ, ನೀರು ಕೆರೆಯ ಹಾಗೆ. ಆದರೆ ಕ್ವೀನ್ ಷಾರ್ಲೆಟ್ ಸೌಂಡ್ ಎಂಬಲ್ಲಿ ಮರೆ ತಪ್ಪಿ ಪೆಸಿಫಿಕ್ಕಿನ ಅಲೆ ನೇರ ಬಡಿಯುತ್ತದೆ. ಸೌಂಡ್ ಅಂದರೆ ಅಲ್ಲಿ ಅಗಲವಾದ ಕಡಲ ಹರವು. ನಮ್ಮ ಪಾಲಿಗೆ ಅದು ನಿಜಕ್ಕೂ ಸೌಂಡೇ ಆಯಿತು. ಹಡಗು ಓಲಾಡತೊಡಗಿದ ಸ್ವಲ್ಪ ಹೊತ್ತಿಗೆ ಮೈಕಿನಲ್ಲಿ ಒಂದು ಕಾರಿನ ನಂಬರ್ ಕೂಗಿದರು, ಅಲಾರ್ಮ್ ಬಡಿದುಕೊಳ್ಳುತ್ತಿದೆ ಅಂತ. "ಯಾವನೋ ಪುಣ್ಯಾತ್ಮ, ತಲೆಯಿಲ್ಲ" ಎಂದೆ ಪಕ್ಕದವರಿಗೆ. ಮತ್ತೆ ಕೂಗಿದರು. ಅಳತೆಗೆ ಬಗ್ಗಿದವಳು ನಂಬರ್ ಪ್ಲೇಟನ್ನೂ ಓದಿದ್ದಳು. "ರೀ, ಅದು ನಮ್ದೇ."

ಸಿಬ್ಬಂದಿಯೊಬ್ಬ ಕೆಳಗೆ ಕರೆದೊಯ್ದ. ನೂರು ವಾಹನಗಳ ನಡುವೆ ದೀಪ ಮಿಟುಕಿಸುತ್ತಾ ಒಂದೇ ಕಾರು ಬೊಬ್ಬೆ ಹೊಡೆಯುತ್ತಿತ್ತು. ಆರಿಸಿದೆ. "ಸಾರಿ" ಎಂದೆ. ಹಾಗೇ ಕೈ ಚಾಚಿ, ಗಂಟು ಮುಟ್ಟಿ ನೋಡಿ ಚೀಲ ಎತ್ತಿಕೊಂಡೆ.

ಪುಳಿಯೋಗರೆ ಕೆಟ್ಟಿರಲಿಲ್ಲ. ಆ ಚಳಿಯಲ್ಲಿ ಅನ್ನದ ಅಗುಳು ಅಕ್ಷತೆಯಷ್ಟು ಬಿರುಸಾಗಿತ್ತು, ಅಷ್ಟೆ. ಹೀಟರಿನ ಕೆಳಗೆ ಡಬ್ಬಿ ಎತ್ತಿ ಹಿಡಿದು ಬಿಸಿ ಮಾಡಿಕೊಂಡು ತಿಂದೆವು. ಬುತ್ತಿಗೋಸ್ಕರ ಬೇಕೆಂತಲೇ ಅಲಾರ್ಮ್ ಹಾಕಿದ್ದೆ ಎಂದು ನಾನು ಪಾರ್ಕಿನಲ್ಲಿ ಹೇಳುತ್ತೇನೆ. ಅವಳು ಎದುರಿಗಿಲ್ಲದಾಗ.

ಮೊನ್ನೆ ರಾತ್ರಿ ಗುಡುಗಿಗೆ ನಮ್ಮ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ಯಾರದೋ ಕಾರು ಕಿರುಚಿಕೊಳ್ಳತೊಡಗಿತು. ಎದ್ದು ಕೂತೆ. ಅವಳು ಕಣ್ಣು ಬಿಡದೆ ಮಗ್ಗುಲು ಬದಲಿಸಿ, "ಗಂಟು ಹಾಕಿರೋ ಚೀಲ ಕಣ್ರೀ, ನೋಡಿ ತನ್ನಿ" ಎಂದಳು.