ಸೀಟಿ ಎಣಿಸುವುದನ್ನು ಬಿಡಬಹುದಲ್ಲ

ನಮ್ಮ ಶಿರಸಿ ಕಡೆ ಕುಕ್ಕರ್ ಇಟ್ಟ ಮನೆಯಲ್ಲಿ ಜಗಲಿಯವರೆಗೂ ಕೇಳುವ ಪ್ರಶ್ನೆ ಒಂದೇ: "ಎಷ್ಟು ಸೀಟಿ ಆತು?" ನಾನೀಗ ಇರುವ ಜರ್ಮನಿಯಲ್ಲಿ ಕುಕ್ಕರ್ ಕೂಗುವುದೇ ಇಲ್ಲ. ಒತ್ತಡ ಏರಿದಂತೆ ಮುಚ್ಚಳದ ಮೇಲೆ ಸಣ್ಣ ಕಡ್ಡಿಯೊಂದು ಏಳುತ್ತದೆ. ಎರಡನೇ ಗೆರೆ ಕಂಡಕೂಡಲೇ ಉರಿ ತಗ್ಗಿಸಿ ಗಡಿಯಾರ ನೋಡುತ್ತಾರೆ. ಬೇರೆಲ್ಲ ಹೇಗೋ ಗೊತ್ತಿಲ್ಲ, ಇದರಲ್ಲಿ ಮಾತ್ರ ಅವರದೇ ಸರಿ.

ಕುಕ್ಕರ್ ಒಳಗೆ ನೀರು ಸುಮಾರು 120 ಡಿಗ್ರಿಗೆ ಏರುತ್ತದೆ, ಬೇಳೆ ಬೇಗ ಬೇಯುವುದು ಅದರಿಂದಲೇ. ಒಮ್ಮೆ ಅಷ್ಟಕ್ಕೆ ಮುಟ್ಟಿದ ಮೇಲೆ ಉರಿ ಎಷ್ಟೇ ದೊಡ್ಡದು ಮಾಡಿದರೂ ಬಿಸಿ ಹೆಚ್ಚುವುದಿಲ್ಲ, ವೇಟ್ ಎತ್ತಿಕೊಂಡು ಆವಿ ಹೊರಗೆ ಹೋಗುತ್ತದೆ, ಅಷ್ಟೆ. ನೀರನ್ನು ಆವಿ ಮಾಡಲು ತಗಲುವ ಶಾಖ ಅದೇ ನೀರನ್ನು ಸೊನ್ನೆಯಿಂದ ಕುದಿಗೆ ತರುವ ಶಾಖದ 5 ಪಟ್ಟಿಗೂ ಹೆಚ್ಚು. ಅಂದರೆ ಪ್ರತಿ ಸೀಟಿಯಲ್ಲೂ 14.2 ಕಿಲೋ ಸಿಲಿಂಡರಿನ ಒಂದಿಷ್ಟು ಗ್ಯಾಸು ಕಿಟಕಿಯಿಂದ ಹೊರಟಿತು. ಮೊದಲ ಸೀಟಿಗೆ ಉರಿ ಸಣ್ಣದು ಮಾಡಿದರೆ ಮುಗಿಯಿತು, ಮುಂದಿನ ಲೆಕ್ಕ ನಿಮಿಷದ್ದು.

ಹಾಗಂತ ಇಲ್ಲಿಯವರು ಎಲ್ಲದರಲ್ಲೂ ಜಾಣರೇನಲ್ಲ. ನಾಲ್ಕು ಬಟಾಟೆಗೆ ದೊಡ್ಡ ಪಾತ್ರೆ ತುಂಬ ನೀರಿಟ್ಟು ಕುದಿಸುತ್ತಾರೆ. ಒಂದೇ ಕುಕ್ಕರಿನಲ್ಲಿ ಕೆಳಗೆ ಬೇಳೆ, ನಡುವೆ ಅನ್ನ, ಮೇಲೆ ಸೌತೆಕಾಯಿ ಹೋಳು ಇಡುವ ನಮ್ಮ ಡಬ್ಬಿ ಲೆಕ್ಕಾಚಾರ ಕಂಡರೆ ಇವರಿಗೆ ಆಶ್ಚರ್ಯ. ಅದೇ ಇಲ್ಲಿಯ ಹಿಂದಿನ ತಲೆಮಾರಿನವರು ಕುದಿಬಂದ ಪಾತ್ರೆಯನ್ನು ಹುಲ್ಲು ತುಂಬಿದ ಪೆಟ್ಟಿಗೆಯಲ್ಲಿ ಮುಚ್ಚಿಟ್ಟು ಬೇಯಿಸುತ್ತಿದ್ದರು. ಕೋಖ್‌ಕಿಸ್ಟ ಅನ್ನುತ್ತಾರೆ. ನಮ್ಮಲ್ಲೇನು ಕಡಿಮೆ? ಕುಮಟೆ, ಅಂಕೋಲೆ ಕಡೆ ಕುಚ್ಚಲಕ್ಕಿ ಗಂಜಿಯನ್ನು ಅರ್ಧ ಬೇಯಿಸಿ, ಉರಿ ಎಳೆದು, ಕೆಂಡದ ಮೇಲೆ ಬಿಟ್ಟರೆ ಉಳಿದರ್ಧ ತನ್ನಷ್ಟಕ್ಕೆ ಆಗುತ್ತಿತ್ತು.

ನನ್ನ ತಕರಾರು ಇಲ್ಲೇ. ಕೆಂಡ ಹೋಯಿತು, ಗ್ಯಾಸ್ ಬಂತು, ಅದರ ಜೊತೆಗೆ ಬಿಟ್ಟು ಕಾಯುವ ಬುದ್ಧಿಯೂ ಹೋಯಿತು. ಕಟ್ಟಿಗೆ ಉಳಿಸಲು ಐಐಎಸ್‌ಸಿಯ ಅಸ್ತ್ರ ಒಲೆ ಹಾಕಿಸಿಕೊಂಡ, ಕೊಟ್ಟಿಗೆಯ ಪಕ್ಕ ಗೋಬರ್ ಗ್ಯಾಸ್ ಗುಂಡಿ ತೋಡಿಸಿದ ಊರಿನವರೇ ಈಗ ಕುಕ್ಕರಿನ ವೇಟನ್ನು ಚಮಚದಲ್ಲಿ ಎತ್ತಿ ಭುಸ್ಸೆಂದು ಆವಿ ಬಿಡುತ್ತಾರೆ. ಆ ಆವಿ ತಾನಾಗಿ ಇಳಿಯುವಷ್ಟು ಹೊತ್ತೂ ಒಳಗೆ ಅಡುಗೆ ಪುಕ್ಕಟೆ ಬೇಯುತ್ತಿರುತ್ತದೆ! ಬಚ್ಚಲೊಲೆಗೆ ಅಡಿಕೆ ಸಿಪ್ಪೆ ಪುಕ್ಕಟೆ ಸಿಗುತ್ತದೆಂದು ಹಂಡೆ ನೀರು ಕೊತಕೊತ ಕುದಿಸುವ ಚಾಳಿಯೇ ಗ್ಯಾಸ್ ಕಟ್ಟೆಗೂ ಬಂದಿರಬೇಕು.

ರಾತ್ರಿ ನೆನೆಸಿದ ಕಡಲೆ, ಒಂದು ಸೀಟಿ, ಸಣ್ಣ ಉರಿಯಲ್ಲಿ ಹದಿನೈದು ನಿಮಿಷ, ಆಮೇಲೆ ಆವಿ ಇಳಿಯುವವರೆಗೆ ಮುಟ್ಟದೇ ಇರುವುದು. ಬೇಯದಿದ್ದರೆ ಕಡಲೆ ಹಳೆಯದು, ಇನ್ನೈದು ನಿಮಿಷ ಕೊಡಿ.